ಎರೆಬಯಲಿನ ಕೊನೆಯ ಕುರುಡಿಲಿ

ನೆಲದೊಳಗಿನ ಕುರುಡಿಲಿಗಳ ಮಾತು ತಿಳಿಯತೊಡಗಿದ ಮೇಲೆ, ಅವುಗಳ ಒಪ್ಪಿಗೆಯಿಲ್ಲದೆ ಯಾರೂ ನೆಲ ಅಗೆಯುವಂತಿರಲಿಲ್ಲ. ಮಣ್ಣಿಗೆ ಕಿವಿಯಿಟ್ಟು ಅವುಗಳನ್ನು ವಿಚಾರಿಸುವುದು ದ್ಯಾಮವ್ವನ ಸರ್ಕಾರಿ ನೌಕರಿ.

ಹೆದ್ದಾರಿ ಬರಲಿದ್ದ ಎರೆಬಯಲಲ್ಲಿ ಒಂದೇ ಒಂದು ಇಲಿ ಉಳಿದಿತ್ತು. ಸುರಂಗದ ಚಾವಣಿಗೆ ತಲೆ ಬಡಿದು ಅದು ದಿನವೂ ಕೇಳುತ್ತಿದ್ದುದು ಒಂದೇ ಮಾತು: "ಯಾರಾದರೂ ಇದ್ದೀರಾ?"

"ಒಂದ ಇದ್ರ ಒಪ್ಪಿಗಿ ಬೇಕಿಲ್ಲ ದ್ಯಾಮವ್ವಾರ. ನಾಳೆ ಮಷಿನ್ ಬರ್ತಾವ," ಎಂದರು ಎಂಜಿನಿಯರ್.

"ಇನ್ನೊಮ್ಮೆ ನೋಡ್ತೀನ್ರೀ ಸಾಹೇಬ್ರ."

ಅವಳು ಮೊಣಕಾಲೂರಿದಳು. ಗಂಡ ತೀರಿಕೊಂಡ ಹನ್ನೊಂದು ವರ್ಷಗಳಲ್ಲಿ ಅವಳ ಬಾಗಿಲಿಗೂ ಯಾರೂ ಬಂದು ಹಾಗೆ ಕೇಳಿರಲಿಲ್ಲ. ಹಣೆಯನ್ನು ನೆಲಕ್ಕೆ ಬಡಿದು "ಇದ್ದೀನಿ" ಎಂದಳು. ಆಮೇಲೆ ಕೆಳಗಿನ ಬಡಿತ ನಿಲ್ಲಲೇ ಇಲ್ಲ.

ದ್ಯಾಮವ್ವ ಎದ್ದು ನಿಂತಳು. "ಎರಡು ಅದಾವ ಅಂತ ಬರ್ಕೋರಿ."

ಎಂಜಿನಿಯರ್ ಅವಳ ಹಣೆಗಂಟಿದ ಮಣ್ಣನ್ನು ನೋಡಿ, ಎರಡು ಎಂದು ಬರೆದುಕೊಂಡರು.