ಇನ್ನೂ ಅಗಲ

ಫಿಸಿಯೋಥೆರಪಿಸ್ಟ್ ಮಂಡಿಯ ಒಳಬದಿಯನ್ನು ಹೆಬ್ಬೆರಳಿನಿಂದ ಒತ್ತಿದಾಗ ಮಗಳು ಮಂಚದ ಅಂಚನ್ನು ಬಿಗಿಯಾಗಿ ಹಿಡಿದಳು. ಪಕ್ಕದಲ್ಲೇ ಅಪ್ಪ ನಿಂತಿದ್ದ. ನೋವು ಅಂದಾಗಲೆಲ್ಲ "ನೆಪ ಹೇಳ್ಬೇಡ" ಎಂದು ಗದರಿ ಅವಳನ್ನು ನೀರಿಗೆ ಅಟ್ಟಿದವನು ಅವನೇ.

"ಕಪ್ಪೆ ಈಜಲ್ಲಿ ಮಂಡಿ ಇಷ್ಟು ಅಗಲ ಮಾಡಿ ಒದೀತಾರೇನಮ್ಮಾ? ಯಾವ ಪುಣ್ಯಾತ್ಮ ಕಲಿಸಿದ್ದು?" ಎಂದರು ಆಕೆ. "ಇನ್ನು ಸ್ಪರ್ಧೆ ಆಸೆ ಬಿಡು. ನೆಟ್ಟಗೆ ನಡೆದ್ರೆ ಸಾಕು."

ಆರು ವರ್ಷ ಕೊಳದ ದಂಡೆಯಲ್ಲಿ ನಿಂತು "ಅಗಲ, ಇನ್ನೂ ಅಗಲ!" ಎಂದು ಅರಚಿದ್ದ ಅಪ್ಪ ಅವಳ ಮಂಡಿಯನ್ನೇ ನೋಡಿದ. ಮಗಳು ಅವನತ್ತ ತಿರುಗದೆ, "ಯಾರೂ ಕಲಿಸಿಲ್ಲ ಮೇಡಂ. ಯಾರನ್ನೋ ನೋಡಿ ನಾನೇ ಕಲಿತೆ," ಅಂದಳು.

ಆಕೆ ಅವಳ ಮಂಡಿಯ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟರು. "ಇದನ್ನ ಕೆಳಕ್ಕೆ ಒತ್ತಿ ಹಿಡಿ. ಯಜಮಾನ್ರೇ, ನೀವು ಹತ್ತರ ತನಕ ಎಣಿಸಿ. ಆಮೇಲೆ ಬಿಡ್ಲಿ."

ಅಪ್ಪ ಬಾಯಿ ತೆರೆದ. ಇಡೀ ಕೊಳಕ್ಕೆ ಕೇಳುತ್ತಿದ್ದ ಆ ಗಂಟಲಿನಿಂದ 'ಒಂದು' ಕೂಡ ಹೊರಡಲಿಲ್ಲ. ಮಗಳು ಒತ್ತಿ ಹಿಡಿದೇ ಇದ್ದಳು. ಅಪ್ಪ ಹೇಳುವ ಮೊದಲೇ ಬಿಟ್ಟು ಅವಳಿಗೆ ಅಭ್ಯಾಸವಿರಲಿಲ್ಲ. ಕಾಲು ಥರಥರ ನಡುಗತೊಡಗಿತು.

"ಸಾಕು, ಬಿಡಮ್ಮಾ," ಅಂದ ಅಪ್ಪ, ಆರು ವರ್ಷ ತಡವಾಗಿ.