ಮೊದಲ ದಿನದ ಫೋಟೋ

“ಈ ಮಾತ್ರೆ ನಿಲ್ಲಿಸಿಬಿಡೋಣ,” ಎಂದರು ಡಾಕ್ಟರು. “ನಾಲ್ಕು ತಿಂಗಳಾಯ್ತು. ಮೊಡವೆ ಕಡಿಮೆ ಆಗೋದಿರಲಿ, ಜಾಸ್ತಿನೇ ಆಗಿದೆ.”

“ಯಾರಿಗೆ ಮೇಡಂ?” ಎಂದಳು ಹುಡುಗಿ. ಹದಿನೇಳು ವರ್ಷ. ಡಾಕ್ಟರು ಬೇರೆ ಯಾರದೋ ಫೈಲು ತೆಗೆದಿರಬೇಕೆಂದು ಅವಳು ನಿಜವಾಗಿಯೂ ಅಂದುಕೊಂಡಿದ್ದಳು.

ಹಳೆಯ ಡಾಕ್ಟರು ಬೇರೆ ಊರಿಗೆ ಹೋಗಿ, ಈಕೆ ಬಂದು ವಾರವಷ್ಟೇ ಆಗಿತ್ತು. ಹುಡುಗಿಯನ್ನು ನೋಡುತ್ತಿರುವುದು ಇದೇ ಮೊದಲು. ಫೈಲಿನಲ್ಲಿ ಮಾತ್ರೆಯ ಹೆಸರು, ರಕ್ತಪರೀಕ್ಷೆಯ ಮೂರು ಚೀಟಿ, ‘ಮೊದಲ ದಿನದ ಫೋಟೋ ನೋಡಿ’ ಎಂಬ ಒಂದು ಸಾಲು, ಅಷ್ಟೇ ಇದ್ದದ್ದು. ಡಾಕ್ಟರು ಕಂಪ್ಯೂಟರನ್ನು ತಮ್ಮತ್ತ ತಿರುಗಿಸಿಕೊಂಡು ಮತ್ತೊಮ್ಮೆ ನೋಡಿದರು. ಫೋಟೋದಲ್ಲಿ ಇವಳೇ. ತೊಳೆದಿಟ್ಟ ತಟ್ಟೆಯಂಥ ಹಣೆ, ಕೆನ್ನೆಯಲ್ಲಿ ಒಂದು ಚುಕ್ಕೆಯಿಲ್ಲ, ಎಡಗಣ್ಣಿನ ಕೆಳಗೆ ಹುಟ್ಟುಮಚ್ಚೆ ಮಾತ್ರ ಇದ್ದಲ್ಲೇ ಇದೆ. ಎದುರಿಗೆ ಕೂತ ಹುಡುಗಿಯ ದವಡೆಯ ಮೇಲಾದರೋ ಕೆಂಪಗೆ ನಾಲ್ಕು ಮೊಡವೆ.

“ನಿಲ್ಲಿಸಲ್ಲ,” ಎಂದಳು ಹುಡುಗಿ. “ಈ ಮಾತ್ರೆ ನುಂಗಿ ಎಷ್ಟು ಸಲ ಕ್ಲಾಸಿನಿಂದ ಎದ್ದು ಒಂದಕ್ಕೆ ಅಂತ ಟಾಯ್ಲೆಟ್ಟಿಗೆ ಓಡಿದೀನಿ ಗೊತ್ತಾ? ನಂಗೆ ಅಲ್ಲಿ ‘ಟ್ಯಾಂಕರ್’ ಅಂತ ಹೆಸರಿಟ್ಟಿದಾರೆ. ಮೂರು ಸಲ ಸೂಜಿ ಚುಚ್ಚಿಸ್ಕೊಂಡು ರಕ್ತ ಕೊಟ್ಟಿದೀನಿ. ದಢಕ್ಕನೆ ಎದ್ರೆ ತಲೆ ಸುತ್ತತ್ತೆ. ನಮ್ಮತ್ತೆ ಅಂತೂ, ಮೊಡವೆಗೆ ಯಾರಾದ್ರೂ ಹಾರ್ಮೋನು ತಡೆಯೋ ಮಾತ್ರೆ ತಗೋತಾರೇನೇ, ವಯಸ್ಸಾದ್ರೆ ತಾನಾಗೇ ಹೋಗತ್ತೆ ಅಂತ ಮನೆಮನೆಗೂ ಸಾರಿದಾರೆ. ಇಷ್ಟೆಲ್ಲಾ ಸುಮ್ಮನೆ ಸಹಿಸ್ಕೊಂಡಿದೀನಾ? ಈಗ ನಾನು ಕೆನ್ನೆ ಒತ್ತಿ ಮಲಗ್ತೀನಿ ಮೇಡಂ. ಮುಂಚೆ ನೋವಿಗೆ ಹೆಣದ ಥರ ಅಂಗಾತ ಮಲಗ್ತಿದ್ದೆ.”

“ತಲೆ ಬೇರೆ ಸುತ್ತತ್ತೆ ಅಂತೀಯ. ಗುಣವೇ ಕಾಣದ ಮೇಲೆ ಆ ಕಷ್ಟ ಯಾಕಮ್ಮ? ನಿನಗೆ ಹಾಗೆ ಅನ್ನಿಸಿರಬಹುದು. ಫೋಟೋ ಸುಳ್ಳು ಹೇಳಲ್ಲ.”

ಪಕ್ಕದ ಕುರ್ಚಿಯಲ್ಲಿದ್ದ ಅಮ್ಮ, ಗಲ್ಲಕ್ಕೆ ಕೈ ಆನಿಸಿ ಕೂತವಳು, ಕಣ್ಣು ಮುಚ್ಚಿಕೊಂಡಳು. ಹತ್ತೊಂಬತ್ತು ವರ್ಷದಿಂದ ಅವಳು ಫೋಟೋ ಸ್ಟುಡಿಯೋದಲ್ಲಿ ಮುಖಗಳನ್ನು ತಿದ್ದುವ ಕೆಲಸ ಮಾಡುತ್ತಿದ್ದಳು. ಬಂದು ಹೋಗುವುದನ್ನು ಅಳಿಸು, ಹುಟ್ಟಿನಿಂದ ಬಂದದ್ದನ್ನು ಮುಟ್ಟಬೇಡ ಎಂದು ಮೊದಲ ದಿನ ಮಾಲೀಕರು ಹೇಳಿಕೊಟ್ಟಿದ್ದರು. ಮಚ್ಚೆ ಬಿಡುತ್ತಿದ್ದಳು, ಮೊಡವೆ ತೆಗೆಯುತ್ತಿದ್ದಳು. ಯಾರನ್ನೂ ಕೇಳುತ್ತಿರಲಿಲ್ಲ.

“ಅದು ಸುಳ್ಳು ಫೋಟೋ ಡಾಕ್ಟ್ರೇ,” ಎಂದಳು. “ಫೋಟೋ ಕಳಿಸಿ ಅಂತ ಹಳೇ ಡಾಕ್ಟ್ರು ಹೇಳಿದ್ರು, ನಾನೇ ಮನೇಲಿ ತೆಗೆದು ಕಳಿಸಿದ್ದು. ನಾನೇ... ಒರೆಸಿದ್ದು.”

ಹುಡುಗಿ ತಿರುಗಿದಳು. “ಅಮ್ಮಾ! ನನ್ನ ಮುಖ ನೋಡಿದ್ರೆ ನಿಂಗೂ ನಾಚಿಕೆನಾ?”

“ನಾಚಿಕೆ ಅಲ್ಲ ಕಣೇ. ಡಾಕ್ಟ್ರ ಕಣ್ಣಿಗೆ ಬೀಳೋ ಫೋಟೋ, ಚೆನ್ನಾಗಿ ಕಾಣ್ಲಿ ಅಂತ. ಕೈಗೆ ಅದೇ ಅಭ್ಯಾಸ.”

“ಹಲ್ಲುನೋವು ಅಂತ ಬರೋರು ಹಲ್ಲು ಮನೇಲಿಟ್ಟು ಬಂದ ಹಾಗಾಯ್ತಲ್ಲಮ್ಮ!” ಡಾಕ್ಟರಿಗೆ ನಗುವುದೋ ಬೈಯುವುದೋ ತಿಳಿಯಲಿಲ್ಲ. “ಸರಿ, ತಿದ್ದದೇ ಇರೋದನ್ನ ಕೊಡಿ.”

“ಅಳಿಸಿಬಿಟ್ಟೆ.”

“ಹಾಗಾದ್ರೆ ನಾನು ಯಾವುದನ್ನ ಯಾವುದಕ್ಕೆ ಹೋಲಿಸಿ ನೋಡ್ಲಿ? ಬರೀ ಬಾಯಿಮಾತಿಗೆ ಇಂಥ ಮಾತ್ರೆ ಮುಂದುವರಿಸಲಾ?”

ಹುಡುಗಿ ಚೀಲಕ್ಕೆ ಕೈ ಹಾಕಿ ಈಜುಕೊಳದ ಕಾರ್ಡನ್ನು ಎಳೆದು ಮೇಜಿನ ಮೇಲೆ ಇಟ್ಟಳು. ಇಟ್ಟಳು ಎನ್ನುವುದಕ್ಕಿಂತ ಬಡಿದಳು. ಮಾತ್ರೆ ಶುರುವಾಗುವುದಕ್ಕೆ ಹಿಂದಿನ ವಾರ ಅಲ್ಲಿನ ಕೌಂಟರಿನಲ್ಲೇ ತೆಗೆದ ಫೋಟೋ ಅದು. ಹಣೆಯಿಂದ ಕುತ್ತಿಗೆಯವರೆಗೂ ಮೊಡವೆ, ಕೆಲವು ಕೀವು ಕಟ್ಟಿದ್ದವು. ಕೌಂಟರಿನವನು, ಇದು ಬೇಡ, ಮನೆಯಿಂದ ಬೇರೆ ತಂದುಕೊಡಮ್ಮ ಎಂದಿದ್ದ. ಅಮ್ಮ ಅಂದೇ ಒಂದನ್ನು ನುಣ್ಣಗೆ ತಿದ್ದಿ ತಂದಿದ್ದಳು. ‘ನೀರಿಗೆ ಇಳಿಯೋಳು ನಾನು, ಆ ಫೋಟೋ ಅಲ್ಲ’ ಎಂದು ಹುಡುಗಿ ಅದನ್ನು ಮುಟ್ಟಿರಲಿಲ್ಲ. ನಾಲ್ಕು ತಿಂಗಳಿಂದ ಇದೇ ಕಾರ್ಡನ್ನು ಗೇಟಿನಲ್ಲಿ ಎಲ್ಲರೆದುರು ಎತ್ತಿ ತೋರಿಸಿ ಒಳಗೆ ಹೋಗುತ್ತಿದ್ದಳು.

“ತಾರೀಕೂ ಇದೆ,” ಎಂದಳು. “ಈಗ ಹೋಲಿಸಿ.”

ಡಾಕ್ಟರು ಕಾರ್ಡನ್ನು ಅವಳ ಕೆನ್ನೆಯ ಪಕ್ಕ ಹಿಡಿದು ನೋಡಿದರು. ಮುಖವನ್ನು ದೀಪದ ಕಡೆ ತಿರುಗಿಸಿ ಇನ್ನೊಮ್ಮೆ ನೋಡಿದರು. ಆಮೇಲೆ ಅವಳ ತೋಳಿಗೆ ಪಟ್ಟಿ ಸುತ್ತಿ ರಕ್ತದ ಒತ್ತಡ ಅಳೆದರು. “ಮುಂದುವರಿಸೋಣ. ತಲೆಸುತ್ತು ಜಾಸ್ತಿ ಆದ್ರೆ ಮಾತ್ರ ನನಗೆ ಹೇಳದೆ ಇರಬೇಡ, ಟ್ಯಾಂಕರಮ್ಮ,” ಎಂದು ಚೀಟಿ ಬರೆದರು. ಬರೆಯುತ್ತಲೇ ಅಮ್ಮನ ಕಡೆ ನೋಡಿದರು. ಗಲ್ಲಕ್ಕೆ ಒತ್ತಿದ ಆ ಕೈ ತಾಯಿ-ಮಗಳು ಒಳಗೆ ಬಂದಾಗಿನಿಂದ ಕೆಳಗಿಳಿದಿರಲಿಲ್ಲ. ಬೆರಳುಗಳ ಸಂದಿಯಲ್ಲಿ ಪೌಡರು, ಪೌಡರಿನ ಕೆಳಗೆ ಕೆಂಪು ಗಂಟುಗಳು.

“ನಿಮ್ಮದು ಎಷ್ಟು ವರ್ಷದಿಂದ?”

“ನಂದಾ? ಇವಳಷ್ಟು ಇದ್ದಾಗಿನಿಂದ. ವಯಸ್ಸಾದ್ರೆ ಹೋಗತ್ತೆ ಅಂದ್ರು.”

“ಈಗ ನಿಮಗೆ?”

“ನಲವತ್ನಾಲ್ಕು.”

ಡಾಕ್ಟರು ಹೊಸ ಫೈಲೊಂದನ್ನು ತೆರೆದರು. “ಮೊದಲ ದಿನದ ಫೋಟೋ ಬೇಕಾಗತ್ತೆ.”

ಅಮ್ಮ ಎಂದಿನಂತೆ ತನ್ನ ಫೋನಿಗೆ ಕೈ ನೀಡಿದಳು. ಅಷ್ಟರಲ್ಲಿ ಹುಡುಗಿ ತನ್ನದನ್ನು ಎತ್ತಿ ಹಿಡಿದಾಗಿತ್ತು.

“ಕೈ ತೆಗಿ ಅಮ್ಮ.”

ಅಮ್ಮ ಕೈ ತೆಗೆದಳು. ಒಂದು ಗಳಿಗೆ ಯೋಚಿಸಿ, ಕರ್ಚೀಫಿನಿಂದ ಪೌಡರನ್ನೂ ಒರೆಸಿ, ಗಲ್ಲ ಮೇಲೆತ್ತಿದಳು.