ಎಡದವಡೆಯ ನೋವು

“ಅದರ ಪಕ್ಕದ್ದನ್ನೂ ಕಿತ್ತುಬಿಡಿ ಡಾಕ್ಟ್ರಮ್ಮ,” ಎನ್ನುತ್ತ ಅಂಚೆಯವನು ಕುರ್ಚಿಗೊರಗಿ ಬಾಯಿ ತೆರೆದ. ಎಡದವಡೆಯ ಹಲ್ಲೊಂದನ್ನು ದಂತವೈದ್ಯೆ ಹೋದ ತಿಂಗಳಷ್ಟೇ ಕಿತ್ತಿದ್ದಳು. ನೋವು ಮಾತ್ರ ಜಪ್ಪಯ್ಯ ಅಂದರೂ ಹೋಗಿರಲಿಲ್ಲ.

ಅವಳು ಪಕ್ಕದ ಹಲ್ಲನ್ನು ತಟ್ಟಿದಳು, ಮೇಲೆ ತಣ್ಣೀರು ಬಿಟ್ಟಳು. ಹಲ್ಲು ಕಲ್ಲಿನಂತಿತ್ತು. “ಈಗ ನೋಯ್ತಿದೆಯಾ?”

“ಈಗೆಲ್ಲಿ? ಮೆಟ್ಟಿಲು ಹತ್ತುವಾಗ ಜೀವ ಹಿಂಡಿಹೋಯ್ತು. ಇಲ್ಲಿ ಕೂತೆ ನೋಡಿ, ಮಾಯ! ನಿಮ್ಮ ಕೈಗುಣ ಅಂದ್ರೆ ಕೈಗುಣ.”

ಹೊಗಳಿಕೆ ಕೇಳಿ ಅವಳು ಕೈಲಿದ್ದ ಉಪಕರಣವನ್ನು ಕೆಳಗಿಟ್ಟಳು. ಹತ್ತುವಾಗ ನೋವು, ಕೂತರೆ ಇಲ್ಲ. ಹೋದ ತಿಂಗಳೇ ಇದೊಂದು ಮಾತು ಕೇಳಿದ್ದರೆ ಸಾಕಿತ್ತು. ಅವತ್ತು ಹೊರಗೆ ಜನ ಕಾಯುತ್ತಿದ್ದರು, ಅವಸರದಲ್ಲಿ ಒಳ್ಳೆಯ ಹಲ್ಲನ್ನೇ ಕಿತ್ತು ಕಳಿಸಿದ್ದಳು. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಆಂಬುಲೆನ್ಸ್‌ಗೆ ಫೋನ್ ಮಾಡಿ ಬಂದು, ಆಸ್ಪಿರಿನ್ ಮಾತ್ರೆಯೊಂದನ್ನು ಅಗಿಯಲು ಕೊಟ್ಟಳು. “ಏಳಬೇಡಿ. ಇದು ಹಲ್ಲಿನ ನೋವಲ್ಲ, ಹೃದಯದ್ದು.”

“ಎಲ್ಲಿಯ ಹಲ್ಲು, ಎಲ್ಲಿಯ ಹೃದಯ!”

“ಹೃದಯಕ್ಕೆ ರಕ್ತ ಕೊಡೋ ನಾಳದ ಗೋಡೆಯೊಳಗೆ ಕೊಬ್ಬು ಇಳಿಯುತ್ತೆ. ವರ್ಷಗಟ್ಟಲೆ ಇಳಿದೂ ಇಳಿದೂ ಗೋಡೆ ಊದಿ, ಗಡುಸಾಗಿ, ದಾರಿ ಕಿರಿದಾಗುತ್ತೆ. ಹತ್ತುವಾಗ ರಕ್ತ ಸಾಲಲ್ಲ. ಆ ನೋವು ಕೆಲವರಿಗೆ ದವಡೇಲಿ ಕಾಣಿಸಿಕೊಳ್ಳುತ್ತೆ. ಗೋಡೆ ಮೇಲಿನ ಪೊರೆ ಬಿರಿದ್ರೆ ಅಲ್ಲೇ ರಕ್ತ ಹೆಪ್ಪುಗಟ್ಟಿ...” ಮುಂದಿನ ಮಾತನ್ನು ನುಂಗಿಕೊಂಡಳು.

ಅಂಚೆಯವನು ನಕ್ಕ. “ದಿನಾ ಊರೆಲ್ಲ ಸುತ್ತೋನು ನಾನು. ನನಗೆ ಕೊಬ್ಬು ಅಂತ ಹೇಳೋದು ನನ್ನ ಹೆಂಡ್ತಿ ಒಬ್ಬಳೇ!”

ಆ ನಗು ಅರ್ಧಕ್ಕೇ ನಿಂತಿತು. ಹಣೆಯಲ್ಲಿ ಬೆವರು ಕಿತ್ತುಕೊಂಡು ಬಂತು. “ಡಾಕ್ಟ್ರಮ್ಮ, ಕೂತಿದ್ರೂ ಬಂತಲ್ಲ... ಕಿತ್ತುಬಿಡಿ,” ಎಂದವನೇ ಮತ್ತೆ ಬಾಯಿ ತೆರೆದ. ಅದು ಮುಚ್ಚಲಿಲ್ಲ. ಅವಳು ಅವನನ್ನು ನೆಲಕ್ಕೆಳೆದು, ಆಂಬುಲೆನ್ಸಿನವರು ಬಂದು ಕೈ ಬಿಡಿಸುವವರೆಗೂ ಎದೆ ಒತ್ತಿದಳು.

ಆಸ್ಪತ್ರೆಯ ಪಡಸಾಲೆಯಲ್ಲಿ ಅಂಚೆಯವನ ಹೆಂಡತಿ ಸಿಕ್ಕಳು. ಆಕೆಯೇ ಹತ್ತಿರ ಬಂದು ವೈದ್ಯೆಯ ಎರಡೂ ಕೈಗಳನ್ನು ಕಣ್ಣಿಗೊತ್ತಿಕೊಂಡಳು.

“ಕಡೇಗಳಿಗೇಲಿ ನೀವಾದ್ರೂ ಜೊತೆಗಿದ್ರಲ್ಲ ತಾಯಿ. ದೊಡ್ಡಾಸ್ಪತ್ರೆಗೆ ತೋರಿಸೋಣ ಬನ್ನಿ ಅಂತ ತಿಂಗಳಿಂದ ಬಡ್ಕೊಂಡೆ. ನಮ್ಮ ಡಾಕ್ಟ್ರಮ್ಮ ನೋಡಿ ಹಲ್ಲು ಕಿತ್ತಿದಾರೆ, ಅವ್ರಿಗಿಂತ ನಿಂಗೆ ಹೆಚ್ಚು ಗೊತ್ತಾ ಅಂತ ನನ್ನ ಬಾಯಿ ಮುಚ್ಚಿಸಿಬಿಟ್ರು.”